ಹಲಗಿ ಕಾಯಿಸೂದು

ಮ್ಹಾತ್ರೆ ಪೂಲಿನ ಬುಡಕ ಆರು ಮಂದಿ ನಿಂತೀವಿ.
ಮ್ಯಾಲ ಗಾಡಿ, ಆ ಕಡಿ ಮುಠಾ ಹೊಳಿ,
ನಡುವ ಬೊಗಸಿಯಷ್ಟು ಬೆಂಕಿ.

ಮುಂಜಾನಿಂದ ಜಿಟಿಜಿಟಿ ಮಳಿ.
ತೊಗಲು ನೀರು ಕುಡದು
ಬಾಣಂತಿ ಹೊಟ್ಟಿ ಹಂಗ ಸಡಲಾಗ್ಯಾದ.
ಬಡದ್ರ ಧಪ್ ಅಂತದ,
ತೊಯ್ದ ಗೋಣಿಚೀಲ ಕೆಳಗ ಒಗದಂಗ.

ಸಾಬಣ್ಣ ಕಾಕಾ ಕುಕ್ಕರಗಾಲಿಲೆ ಕುಂತಾನ.
ಕಾಗದ ಹಾಕೂದು ನನ್ನ ಕೆಲಸ.
ರದ್ದಿ ಅಂಗಡಿಯಿಂದ ಎರಡು ಕಿಲೋ ತಂದೀನಿ,
ಯಾವುದೋ ಕಾಲೇಜಿನ ಹಳೇ ಉತ್ತರಪತ್ರಿಕೆ,
ತುಂಬ ಕೆಂಪು ಗೀಟು.
ಹಾಕೂ ಮೊದಲು ಓದ್ತೀನಿ.
ಮರಾಠಿ ನಾ ಕಲ್ತದ್ದೇ ಹಿಂಗ,
ಉರಿ ಮುಟ್ಟೂದ್ರಾಗ ಸಾಲು ಮುಗಿಸಬೇಕು.
"ಲಗೂ ಹಾಕ, ತಂಗಿ."
ಹತ್ತಕ್ಕ ಮೂರು ಬಿದ್ದವನ ಪುಟಾನೂ
ಎಂಟು ಬಿದ್ದವಳಷ್ಟೇ ಚಂದ ಉರೀತದ.

ರೊಟ್ಟಿ ತಿರುವಿದಂಗ ಹಲಗಿ ತಿರುವ್ತಾನ,
ಮೊದಲು ಅಂಚು, ಆಮ್ಯಾಲ ನಡುವ.
ಹತ್ರ ಹಿಡದ್ರ ಹರೀತದ,
ದೂರ ಹಿಡದ್ರ ಮುನಿಸ್ಕೋತದ.
ಉಗುರಿಲೆ ಒಮ್ಮಿ ಮೀಟಿ ಕಿವಿ ಇಡ್ತಾನ,
ಜ್ವರದ ಕೂಸಿನ ಎದಿಗೆ ಇಟ್ಟಂಗ.
"ಇನ್ನಾ ಇಲ್ಲ."

ಆಚಿ ಲಾನಿನ ಪಾರ್ಟಿ ಹುಡುಗ್ರು ನಗ್ತಾವ.
ಅವರದು ಫೈಬರ್. ಮಳಿ ಅರೀದು, ಬಿಸಲು ಅರೀದು,
ಚೀಲದಾಗಿಂದ ತಗದ್ರ ಸಾಕು, ಒದರತದ.
ಹೋದ ವರ್ಷ ನಾವೂ ಕೇಳಿದ್ವಿ, ಕಾಕಾ, ಅಂಥದ್ದೊಂದು ತರೂಣೇನು?
"ಅದಕ ಹಸಿವಿಲ್ಲಬೇ" ಅಂದಿದ್ದ,
ಮತ್ತ ಮಾತಾಡಲಿಲ್ಲ.

ಗೇಟಿನ ಕಡೆ ಮದುಮಗನ ಕುದುರಿ
ಕಾಲು ಕೆದರ್ಕೋತ ನಿಂತದ.
ಸೂಟಿನ ಗೆಳೆಯರು ಮೊಬೈಲ್ ನೋಡಿ
ಹೆಜ್ಜಿ ಕಲೀತಾರ, ಒಬ್ಬನ ಕಾಲ ಒಬ್ಬ ತುಳೀತಾರ.
ಮ್ಯಾನೇಜರ್ ಓಡಿ ಬಂದ: "ಚಲಾ, ಚಲಾ!"
ಭೀಮರಾಯ ಎದ್ದ. ಮಲ್ಲೇಶಿ ಎದ್ದ.
ಅವರ ಹಲಗಿ ಆಗಲೇ ಠಣ್ ಅಂದಿದ್ದವು.

ಕಾಕಾಂದೂ ಅಂದಿತ್ತು.
ಅಂದದ್ದು ನನಗ ಕೇಳಿತ್ತು, ಅವಗ ಕೇಳಿರಾಕಿಲ್ಲೇನು?
ಆದರೂ ಅವ ಕೈ ಚಾಚಿ
"ಇನ್ನೊಂದು ಪುಟ" ಅಂದ.

ಆಗ ನೋಡಿದೆ.
ಸೆಂಟ್ರಿಂಗ್ ಪ್ಲೇಟಿನ ಕೆಳಗ ಸಿಕ್ಕ ಎರಡು ಬೆರಳು,
ಎಡಗೈಯಾಗ ಸಣ್ಣ ಕಡ್ಡಿ ಹಿಡಿಯೂವು,
ಹಲಗಿ ಮರಿಗೆ ಅಡಗಿಸಿ
ಬೆಂಕಿಗೆ ಕೊಟ್ಟಾನ.
ಮಡಚ್ತಾನ. ಬಿಡಸ್ತಾನ.
ಪೂರಾ ಮಡಚಲೊಲ್ಲವು.

ಮ್ಯಾನೇಜರ್ ಮತ್ತ ಒದರಿದ.
ನಾ ಏನೂ ಅನ್ನಲಿಲ್ಲ.
ನಾಕು ಪುಟ ಒಮ್ಮೇಲೆ ಹಾಕಿದೆ,
ಓದದೇ.