ಎಡರೆಕ್ಕೆ

ಕುಡ್ತರಿಯ ಇಗರ್ಜಿ. ಬಲಿಪೀಠದ ಹಿಂದೆ
ಟಾರ್ಚು ಬಾಯಲ್ಲಿ ಕಚ್ಚಿ ನಿಂತಿದ್ದೇನೆ.
ಗಂಟೆ ಹೊಡೆಯುವ ಕುಷ್ಟಾನ್
ಹಲಸಿನ ಹಣ್ಣು ನೋಡುವವನ ಹಾಗೆ
ಬೆರಳ ಗೆಣ್ಣಿನಿಂದ ಬಡಿಯುತ್ತಾನೆ:
ಇಲ್ಲಿ ಗಟ್ಟಿ. ಇಲ್ಲಿ ಗಟ್ಟಿ.
ಇಲ್ಲಿ ಬರೀ ಬಣ್ಣ.

ದೇವದೂತನ ಎಡರೆಕ್ಕೆ ಒಳಗೊಳಗೇ ಹಿಟ್ಟು,
ಮೇಲೆ ಚಿನ್ನದ ರೇಕು ಉಸಿರು ಹಿಡಿದು ಕೂತಿದೆ.
ಸೂಜಿಯಲ್ಲಿ ಮದ್ದು ಬಿಡುತ್ತ ನೋಡಿದೆ:
ಹಳೆಯ ತೇಗವನ್ನು ಗೆದ್ದಲು ಮುಟ್ಟೇ ಇಲ್ಲ.
ತಿಂದದ್ದು ಯಾರದೋ ರಿಪೇರಿ—
ಅಗ್ಗದ ಮಾವಿನ ಹಲಗೆ, ನಾಲ್ಕು ಮೊಳೆ,
ಪೆನ್ಸಿಲಿನಲ್ಲಿ ಕನ್ನಡದ ಅಕ್ಷರ:
ಕಾಳಪ್ಪ ಬಡಿಗೇರ, ಖಾನಾಪುರ.

‘ಒರೆಸೋದಾ?’ ಕುಷ್ಟಾನ್ ಕೇಳಿದ.
ಇಲಾಖೆಯ ಫೈಲಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಹೆಸರಿದ್ದಷ್ಟು ತುಂಡು ಉಳಿಸಿ
ಸುತ್ತ ತೇಗ ಕೂಡಿಸಿದೆ.
ಬಣ್ಣ ಹಚ್ಚಲಿಲ್ಲ, ಬೆಸೆದ ಗೆರೆ ಕಾಣಲಿ ಅಂತ.

ಕೆಳಗಿಳಿದ ಮೇಲೆ ನೆನಪಾಯಿತು:
ನನ್ನ ಪೆನ್ಸಿಲು
ಕಿವಿಯ ಮೇಲೇ ಇತ್ತು.