ಏಳು ಕಿಲೋದ ಒಳಗೆ

ಹವಲ್ಲಿಯ ನೆಲಮಾಳಿಗೆ ಅಂಗಡಿಗಳಲ್ಲಿ
ಹಳೆಯ ಕಂಪ್ಯೂಟರನ್ನು ಬದನೆಕಾಯಿಯ ಹಾಗೆ ಹೆಕ್ಕಬೇಕು:
ಎತ್ತಿ, ತಿರುಗಿಸಿ, ತೊಟ್ಟು ನೋಡಿ.
ಒಳಗೆ ಹುಳ ಉಂಟಾ ಇಲ್ಲವಾ
ಫ್ಯಾನು ತಿರುಗಿದ ಮೇಲೆಯೇ ಗೊತ್ತು.

ನಾನು ಲಿಫ್ಟು ರಿಪೇರಿಯವ. ನನಗೆಂತ ಗೊತ್ತು ಇದರದ್ದು?
ಹಿಲರಿ ಹೇಳಿದ: ನೀನು ಯಂತ್ರದವನಲ್ಲವಾ,
ಮಗಳ ಜೊತೆ ಒಮ್ಮೆ ಹೋಗಿ ಬಾ.
ಅವನಿಗೆ ಆ ಶುಕ್ರವಾರ ಸೋಫಾ ಮಾರಬೇಕಿತ್ತು,
ಫ್ರಿಜ್ಜು, ಮಂಚ, ಹದಿನೇಳು ವರ್ಷ.

ರೆನಿಟಾಳಿಗೆ ಹದಿಮೂರು.
ಮನೆಯ ಗೇಮ್ ಪೆಟ್ಟಿಗೆ ಅವಳಿಗಿಂತ ಹಿರಿಯದು,
ಈಸ್ಟರಿನ ಹೊತ್ತಿಗೆ ಡಿಸ್ಕು ಓದುವುದನ್ನು ನಿಲ್ಲಿಸಿತು.
ಅದರ ಬಯೋಸನ್ನು ಮೊದಲೇ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದಾಳೆ,
ಅಜ್ಜಿಕತೆಯ ರಾಕ್ಷಸ ಗಿಳಿಯೊಳಗೆ ಜೀವ ಇಟ್ಟ ಹಾಗೆ.
ಈಗ ಆ ಗಿಳಿಗೊಂದು ಗೂಡು ಬೇಕು.
ತನ್ನ ಮನೆ ಸತ್ತದ್ದು ಆಟಕ್ಕೆ ಗೊತ್ತಾಗಬಾರದು.

ಅಬು ತಾರಿಕ್ ದೊಡ್ಡದೊಂದನ್ನು ಎಳೆದು ತಂದ:
ಗಾಜಿನ ಪಕ್ಕೆ, ಒಳಗೆ ಮೂರು ಬಣ್ಣದ ದೀಪ.
ಎಂಟು ಕೋರ್ ಹಬೀಬಿ, ಎಂಟು!
ಎಂಟು ಬೆರಳೂ ಎತ್ತಿದ.
ಅವಳು ಬಗ್ಗಿ ಚೀಟಿ ಓದಿ ಎದ್ದಳು.
"ಎಷ್ಟು ಕೋರ್ ಅಂತಲ್ಲ ಅಂಕಲ್,
ಒಂದೊಂದು ಎಷ್ಟು ವೇಗ ಅಂತ."
ಇದು ಮಾತ್ರ ನನಗೆ ಕೂಡಲೇ ಹೊಳೆಯಿತು.
ಸಾಲ್ಮಿಯಾದ ಟವರಿನಲ್ಲಿ ಎಂಟು ಲಿಫ್ಟು ಉಂಟು,
ಒಬ್ಬನನ್ನು ಇಪ್ಪತ್ತನೆಯ ಮಾಳಿಗೆಗೆ ಒಯ್ಯುವುದು ಒಂದೇ.
ಉಳಿದ ಏಳು ಬಾಗಿಲು ತೆರೆದು ಆಕಳಿಸುತ್ತವೆ.

ಅದಲ್ಲದೆ ತೂಕ.
ವಿಮಾನದವರು ಕೈಚೀಲಕ್ಕೆ ಏಳೇ ಕಿಲೋ ಅನ್ನುತ್ತಾರೆ,
ಗಾಜಿನ ಪಕ್ಕೆಯವನೊಬ್ಬನೇ ಹನ್ನೊಂದು.

ಕೊನೆಗೆ ಸಿಕ್ಕಿದ್ದು ಯಾವುದೋ ಬ್ಯಾಂಕಿನ ಕೌಂಟರಿನಿಂದ ಬಿಚ್ಚಿ ತಂದದ್ದು.
ಬುತ್ತಿ ಡಬ್ಬಿಯಷ್ಟು. ಬೆನ್ನಿಗೆ ಇನ್ನೂ ಬ್ಯಾಂಕಿನ ನಂಬರು.
ಐ-ಫೈವ್, ಎಂಟನೆಯ ತಲೆಮಾರು, ಎಂಟು ಜಿಬಿ.
ಮುಚ್ಚಳ ತೆಗೆದರೆ ಎಷ್ಟು ಬೇಸಿಗೆಗಳ ಗಾಳಿಧೂಳೋ,
ಮೈದಾದ ಹಾಗೆ ನುಣ್ಣಗೆ. ಊದಿದೆ. ಸೀನಿದೆ.
ಮೂವತ್ತು ದಿನಾರ್ ಅಂದವ ಇಪ್ಪತ್ತಮೂರಕ್ಕೆ ಇಳಿದ.
ವಾರಂಟಿ ಕೇಳಿದರೆ ಬೆರಳು ಮೇಲೆ ತೋರಿಸಿದ.
ನೆಲಮಾಳಿಗೆಯಲ್ಲಿ ಮೇಲೆ ಅಂದರೆ
ಮಿಣಿಮಿಣಿ ಅನ್ನುವ ಒಂದು ಟ್ಯೂಬ್‌ಲೈಟು.

ಅದರಲ್ಲಿ ವಿಂಡೋಸ್ ಇತ್ತು. ಒಂದು ತಾಸು ಅಪ್‌ಡೇಟ್.
ಆಮೇಲೆ ನೀನು ಯಾರು, ನಿನ್ನ ಇಮೇಲ್ ಯಾವುದು,
ಮೂಲೆಯಲ್ಲಿ ಸಣ್ಣಗೆ: ನಿನ್ನ ಪ್ರತಿ ಅಸಲಿ ಅಲ್ಲದಿರಬಹುದು.
ಇಕಾಮಾ ಕೇಳದೆ ಇರುವುದು ಒಂದೂ ಇಲ್ಲವಾ ಮಾರಾಯ್ತಿ, ಅಂದೆ.
ಉಂಟು, ಅಂದಳು.
ಲಿನಕ್ಸ್ ತುಂಬಿದ ಇನ್ನೊಂದು ಪೆನ್‌ಡ್ರೈವ್ ಚುಚ್ಚಿದಳು.

ದುಡ್ಡು ಕೇಳಲಿಲ್ಲ. ಯಾವ ಹೆಸರು ಕೊಟ್ಟರೂ ಒಪ್ಪಿತು.
ಒಂದೇ ಪ್ರಶ್ನೆ: ನೀನು ಎಲ್ಲಿದ್ದೀ?
ಪರದೆಯ ತುಂಬ ಭೂಪಟ.
ಭಾರತವನ್ನು ಒತ್ತಿದರೆ ಕೋಲ್ಕತ್ತ ಅಂತ ಬಂತು.
"ನಾವು ಹೋಗುವುದು ಬೆಳ್ಮಣ್ಣಿಗೆ,"
ಯಂತ್ರಕ್ಕೋ ನನಗೋ ಹೇಳಿದಳು.
ಬೆಳ್ಮಣ್ಣಿನಲ್ಲಿ ಅವಳು ಇದ್ದದ್ದು
ಒಟ್ಟು ಐದು ರಜೆ, ಒಂದು ಮದುವೆ.
ಒಳಗಿನ ಕೋಣೆಯಲ್ಲಿ ಟೇಪು ಹರಿಯುವ ಸದ್ದು, ರಟ್ಟಿನ ಸದ್ದು.
ಬಾಣದ ಗುರುತು ಪಡುವಣಕ್ಕೆ ಜಾರಿತು,
ಅಷ್ಟೂ ನೀಲಿ ದಾಟಿತು, ಇಲ್ಲಿ ನಿಂತಿತು.
ಆಮೇಲೆ ಬದಲಾಯಿಸಬಹುದು, ಅಂದೆ.
ಅವಳು ಆಗಲೇ ಒತ್ತಿ ಆಗಿತ್ತು.

ಕಾರಿನ ಆಟ ಹಾಕಿ ನೋಡಿದಳು.
ತಿರುವು, ಸೇತುವೆ, ಎಲ್ಲ ಸಲೀಸು.
ಸುರಂಗದಲ್ಲಿ ತಡವರಿಸಿತು,
ದನಿ ಮುದುಕನ ಕೆಮ್ಮಿನ ಹಾಗೆ ತುಂಡಾಯಿತು.
ಚಿತ್ರದ ನಯವನ್ನು ಎರಡು ಮೆಟ್ಟಿಲು ಇಳಿಸಿದಳು.
ಮಸುಕಾದರೆ ಆಗಲಿ ಅಂಕಲ್, ನಿಲ್ಲಬಾರದು.
ಕಾರು ಹೊರಗೆ ಬಂತು, ಅಂಚೆಲ್ಲ ಗರಗಸ,
ಬಿಸಿಲು ಚೌಕ ಚೌಕ.

ತೂಕದ ಕೊಕ್ಕೆ ಹಿಡಿದು ಹಿಲರಿ ಬಾಗಿಲಲ್ಲಿ ನಿಂತಿದ್ದ.
ಆಫ್ ಮಾಡು ಮಗಾ, ತೂಗಿ ನೋಡಬೇಕು.
ಇದೊಂದು ಸುತ್ತು ಪಪ್ಪಾ.