ಹಕ್ಕಿಯ ಹಿಂದೆ

ಹಕ್ಕಿ ನೋಡಲೆಂದು ಪೋರ್ಟ್ ಆರ್ಥರಿಗೆ ಬರುವವರು
ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವುದಿಲ್ಲ.
ನೇರ ಜೌಗಿನ ಕಡೆಗೆ,
ಗುಲಾಬಿ ರೆಕ್ಕೆಯ ಚಮಚಕೊಕ್ಕುಗಳಿಗಾಗಿ,
ಮಾರುದ್ದದ ಲೆನ್ಸು ಮಡಿಲಲ್ಲಿ, ಮಗುವಿನ ಹಾಗೆ.

ನನ್ನದು ಈ ಬೂದು ಬಣ್ಣದ್ದು, ಅಣಕುಹಕ್ಕಿ.
ಅಂಚೆಪೆಟ್ಟಿಗೆಯ ಮೇಲೆ ಕೂರುತ್ತದೆ, ತಂತಿಯ ಮೇಲೆ,
ಯಾರೋ ಚರಂಡಿಗೆ ನೂಕಿ ಹೋದ
ತಳ್ಳುಗಾಡಿಯ ಹಿಡಿಯ ಮೇಲೆ.
ಬಣ್ಣ ಕೇಳಿದರೆ ಒರಸುಬಟ್ಟೆ,
ಜಂಬ ಕೇಳಿದರೆ ಪಾಳೆಯಗಾರ.

ಇಪ್ಪತ್ತೊಂಬತ್ತು ವರ್ಷ ರಿಫೈನರಿಯ ಗೇಟಿನಲ್ಲಿ ನಿಂತು
ಬಂದವರ ಮುಖಕ್ಕೂ ಕಾರ್ಡಿನ ಚಿತ್ರಕ್ಕೂ
ತಾಳೆ ನೋಡಿದವನು ನಾನು, ಅಲ್ಸೀಡ್ ಗಿಡ್ರಿ.
ನಿವೃತ್ತಿಗೆ ಕೊಟ್ಟ ಗಡಿಯಾರ ಮಾರಿ
ಹಳೆಯದೊಂದು ಕ್ಯಾಮೆರಾ ಕೊಂಡೆ.
'ನಿನಗೆ ಬೇರೆ ಕೆಲಸವಿಲ್ಲವೇ?' ಅಂದಳು ತಂಗಿ ಓದೀಲ್.
ಇರಲಿಲ್ಲ.

ಬುಧವಾರ ನಡುಹಗಲು
ರಿಫೈನರಿಯ ಸೈರನ್ನು ಪರೀಕ್ಷೆಗೆಂದು ಕೂಗುತ್ತದೆ.
ಅರ್ಧ ಗಂಟೆ ಬಿಟ್ಟು ಹಕ್ಕಿ ಕೂಗುತ್ತದೆ,
ಅದೇ ಏರು, ಅದೇ ಇಳಿವು, ಬೆರಳುದ್ದದ ಗಂಟಲಲ್ಲಿ.
ಆಮೇಲೆ ಕಪ್ಪೆ. ನೀಲಿ ಜೇ ಹಕ್ಕಿಯ ಬೈಗುಳ.
ಟೀಡ್ವೆಲ್ಲನ ಕಾರಿನ ಕಳ್ಳಗಂಟೆ
(ಆ ಕಾರು ಮಾರಿ ನಾಲ್ಕು ವರ್ಷವಾಯಿತು).
ಒಂದೊಂದನ್ನೂ ಮೂರು ಸಲ, ನಾಲ್ಕು ಸಲ,
ಮಗ್ಗಿ ಒಪ್ಪಿಸುವ ಹುಡುಗನಂತೆ.
ಅಣಕ ಅನ್ನುತ್ತಾರೆ. ನನಗೆ ಹಾಗೆ ಕೇಳಿಸಿಲ್ಲ.
ಅಣಕಿಸುವವರು ಕೇಳಿದ್ದನ್ನು
ಇಷ್ಟು ಜೋಪಾನ ಮಾಡುವುದಿಲ್ಲ.

ಹಾಡು ಫೋಟೋದಲ್ಲಿ ಬೀಳುವುದಿಲ್ಲವಲ್ಲ,
ಅದಕ್ಕೇ ರೆಕ್ಕೆಗೆ ಆಸೆಪಟ್ಟೆ.
ಹುಲ್ಲಲ್ಲಿ ನಡೆಯುತ್ತ ನಡೆಯುತ್ತ
ಅದು ಇದ್ದಕ್ಕಿದ್ದಂತೆ ರೆಕ್ಕೆ ಬಿಚ್ಚುತ್ತದೆ.
ಒಳಗೆ ಎರಡು ಬಿಳಿ ತುಣುಕು,
ಹಳೇ ಕೋಟಿನ ಜೇಬಿನಲ್ಲಿ ಮಡಿಸಿಟ್ಟ ಕರವಸ್ತ್ರ.
ಕಂಡಿತು. ಹೋಯಿತು.
ನನ್ನ ಬೆರಳು ಸದಾ ಒಂದು ಉಸಿರು ತಡ,
ಕ್ಯಾಮೆರಾವೋ, ಮುಂದಿನದನ್ನು ಬಿಟ್ಟು
ಹಿಂದಿನದನ್ನೇ ಹಿಡಿಯುವ ಮೊಂಡು.
ಒಂಬತ್ತು ವರ್ಷ, ಹನ್ನೊಂದು ರಟ್ಟಿನ ಡಬ್ಬ,
ಎಲ್ಲದರ ನಡುವೆ ಹೆಬ್ಬೆಟ್ಟಿನಲ್ಲಿ ತಿಕ್ಕಿದಂಥ
ಒಂದು ಬೂದು ಕಲೆ.

ಸೆಪ್ಟೆಂಬರಿನ ಬಿರುಗಾಳಿಗೆ ಬೀದಿಯಲ್ಲಿ ಸೊಂಟಮಟ್ಟ ನೀರು.
ನನ್ನ ಡಬ್ಬಗಳು ಅಟ್ಟದ ಮೇಲಿದ್ದವು,
ಎದುರು ಮನೆಯ ಆಲ್ಬಮ್ಮುಗಳು ಮಂಚದ ಕೆಳಗೆ.

ನೀರಿಳಿದ ಮೇಲೆ ತ್ವಾನ್ ಬಂದ.
ಸೀಗಡಿ ದೋಣಿಯ ಹುಡುಗ, ಅವತ್ತು ಇಸ್ತ್ರಿ ಅಂಗಿ.
ಚಳಿಗಾಲದಲ್ಲಿ ತೀರಿಕೊಂಡ ಅಮ್ಮನದು
ಪೂಜೆಯ ಗೂಡಿನಲ್ಲಿಡಲು ಒಂದಾದರೂ ಬೇಕು.
'ನೀವು ದಿನಾ ನಮ್ಮ ಮನೆಯ ಕಡೆಗೇ
ಕ್ಯಾಮೆರಾ ಹಿಡಿಯುತ್ತಿದ್ದಿರಿ' ಅಂದ.
ನಾಚಿಕೆಯಾಯಿತು. 'ಹಕ್ಕಿಗಪ್ಪಾ' ಅಂದೆ.

ಅಡುಗೆಮನೆಯ ಮೇಜಿಗೆ ಡಬ್ಬ ಸುರಿದೆವು.
ಕಲೆಯ ಹಿಂದೆ ಅವಳಿದ್ದಳು, ನ್ಯೂಂಗ್,
ಮಡಿಲಲ್ಲಿ ಬಲೆ, ಹಲ್ಲಿನ ನಡುವೆ ದಬ್ಬಳ,
ಒಂದೊಂದು ಗಂಟೂ ಎಣಿಸುವಷ್ಟು ನಿಚ್ಚಳ.
ಗೇಟು ಹಸಿರು; ಏಳನೇ ಡಬ್ಬದಲ್ಲಿ ನೀಲಿ.
ಮೀಸೆ ಮೂಡದ ತ್ವಾನ್, ಮಂಡಿಗೆ ಪಟ್ಟಿ.
ಅವಳ ಕೂದಲು; ಆಮೇಲೆ ತಲೆವಸ್ತ್ರ.
ಗೇಟಿನಲ್ಲಿ ಅಷ್ಟು ಮುಖ ನೋಡಿದ ನಾನು
ಈ ಒಂದನ್ನು ತಾಳೆ ನೋಡಿಯೇ ಇರಲಿಲ್ಲ.

ಅವನು ಆರಿಸಿದ್ದು ಒಂದೇ.
ಗೂಡಿನ ಬಳಿ ಹೋದವರ ತಲೆಗೆ ಎರಗುವ ಹಕ್ಕಿ
ಅವಳ ಟೋಪಿಗೆ ಕುಕ್ಕಲು ಬರುತ್ತಿದೆ;
ಅವಳು ದಬ್ಬಳ ಝಳಪಿಸುತ್ತ, ಬಾಯ್ತುಂಬ ನಗು.
'ಗೂಡಿನಲ್ಲಿ ಇಷ್ಟು ನಗಬಾರದು' ಅಂದ,
ಅಂದರೂ ಕೆಳಗಿಡಲಿಲ್ಲ.
'ಹಕ್ಕಿಯ ಕಲೆ ಕತ್ತರಿಸಿ ಕೊಡಲೇ?'
ಬೇಡವೆಂದು ತಲೆಯಾಡಿಸಿದ.

ಈಗ ಅಲ್ಲಿ ಕಿತ್ತಳೆ, ಊದುಬತ್ತಿ, ಅವಳು,
ಹೆಗಲ ಬಳಿ ಒಂದಿಷ್ಟು ಬೂದು.

ಬೆಳಿಗ್ಗೆ ಹಕ್ಕಿ ಕಂಬದ ಮೇಲಿತ್ತು,
ಗುರುವಾರವೇ ಬುಧವಾರದ ಸೈರನ್ನು ಕೂಗುತ್ತ.
ಕ್ಯಾಮೆರಾ ಎತ್ತಿದೆ.
ಬೆರಳೊತ್ತುವ ಮೊದಲು ಹಿಂದೆ ಯಾರಿದ್ದಾರೆಂದು
ಈಗ ಒಮ್ಮೆ ನೋಡಿಕೊಳ್ಳುತ್ತೇನೆ.
ಅದರಿಂದ ಇನ್ನಷ್ಟು ತಡ.